ಘಟ್ಟದ ಮೇಲಿನ ತೋಟದ ಮನೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಬನವಾಸಿಯ ಕೋಟೆಗೋ ಸೋದೆಯ ಹಾಳುಬಿದ್ದ ಅರಮನೆಗೋ ಓಡುತ್ತದೆ. ಶಾಲೆಯ ಮಕ್ಕಳು ಮಯೂರವರ್ಮನ ಹೆಸರನ್ನು ಒಪ್ಪಿಸುತ್ತಾರೆ, ಸೋದೆಯ ನಾಯಕರ ಹೆಸರನ್ನೂ ಹೇಳುತ್ತಾರೆ. ಆದರೆ ಆ ಮಕ್ಕಳು ಬೆಳಗ್ಗೆ ಯಾವ ಹೊಸ್ತಿಲನ್ನು ದಾಟಿ ಶಾಲೆಗೆ ಬಂದರೋ ಆ ಹೊಸ್ತಿಲಿಗೂ ಒಂದು ಚರಿತ್ರೆಯುಂಟೆಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳ ಅಡಿಕೆ ತೋಟದ ಮನೆ ಅಂಥದೊಂದು ಚರಿತ್ರೆಯ ಗ್ರಂಥ. ಅದಕ್ಕೆ ಶಾಸನವಿಲ್ಲ, ಕರ್ತೃವಿನ ಹೆಸರಿಲ್ಲ. ಆದರೂ ಓದಬಲ್ಲವನಿಗೆ ಅದರ ಕಂಬ, ಮಾಡು, ಅಂಗಳ, ಕೊಟ್ಟಿಗೆಗಳೆಲ್ಲ ಅಕ್ಷರಗಳೇ.

ಬೇರೆ ದೇಶಗಳವರು ಇಂಥ ಓದನ್ನು ಬಹಳ ಹಿಂದೆಯೇ ಪ್ರಾರಂಭಿಸಿದರು. ಇಂಗ್ಲೆಂಡಿನ ಚರಿತ್ರಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ ೧೯೫೩ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ತನ್ನ ನಾಡಿನ ರೈತರ ಮನೆಗಳನ್ನೇ ಆಧಾರವಾಗಿಟ್ಟುಕೊಂಡು ಒಂದು ಮಾತನ್ನು ಹೇಳಿದನು. ೧೫೭೦ರಿಂದ ೧೬೪೦ರವರೆಗಿನ ಎಪ್ಪತ್ತು ವರ್ಷಗಳಲ್ಲಿ ಅಲ್ಲಿಯ ಹಳ್ಳಿಗಳ ಮನೆಗಳು ಬಹುಮಟ್ಟಿಗೆ ಹೊಸದಾಗಿ ಕಟ್ಟಲ್ಪಟ್ಟವೆಂಬುದು ಅವನ ವಾದ. ಅದಕ್ಕೆ ಮೊದಲು ಆ ಮನೆಗಳಲ್ಲಿ ನಡುಮನೆಯ ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು. ಹೊಗೆ ಮಾಡಿನ ಸಂದಿಯಿಂದ ಹೊರಗೆ ಹೋಗಬೇಕಾಗಿದ್ದುದರಿಂದ ಅದರ ಮೇಲೆ ಮಾಳಿಗೆ ಹಾಕುವಂತಿರಲಿಲ್ಲ. ಇಟ್ಟಿಗೆಯ ಹೊಗೆಗೂಡು ಬಂದ ಮೇಲೆ ಮಾಳಿಗೆ ಬಂದಿತು, ಮಲಗುವ ಕೋಣೆಗಳು ಬೇರೆಯಾದವು, ಕಿಟಕಿಗೆ ಗಾಜು ಬಂದಿತು. ಆ ನಾಡಿನ ನೈರುತ್ಯ ಭಾಗದಲ್ಲಿ ಇನ್ನೂ ಕಾಣಸಿಗುವ ಉದ್ದನೆಯ ಮನೆಗಳಲ್ಲಿ ಒಂದೇ ಮಾಡಿನ ಕೆಳಗೆ ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ದನ, ನಡುವೆ ಒಂದು ಓಣಿ. ಒಂದು ಹೊಗೆಗೂಡನ್ನು ನೋಡಿ ಮನೆಯ ಕಾಲವನ್ನೂ ಒಡೆಯನ ಸ್ಥಿತಿಯನ್ನೂ ಊಹಿಸುವ ವಿದ್ಯೆ ಅಲ್ಲಿ ಬೆಳೆದಿದೆ. ನಮ್ಮ ತೋಟದ ಮನೆಯನ್ನೂ ಹಾಗೆಯೇ ಓದಲು ಬರುತ್ತದೆಯೇ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಮನೆಯ ನೆಲೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಗಳ ಕೇರಿ. ಘಟ್ಟದ ಮೇಲೆ ಹಾಗಲ್ಲ. ಇಲ್ಲಿ ಒಂದು ಕಣಿವೆಗೆ ಒಂದು ಮನೆ, ಹೆಚ್ಚೆಂದರೆ ನಾಲ್ಕಾರು ಮನೆ. ಕಾರಣ ಅಡಿಕೆ. ಅಡಿಕೆಯ ಮರಕ್ಕೆ ಬಿಸಿಲು ತಾಗಬಾರದು, ಬೇರಿಗೆ ನೀರಿನ ತೇವ ಬೇಕು, ಆದರೆ ನೀರು ನಿಲ್ಲಲೂ ಬಾರದು. ಈ ಮೂರೂ ಸೇರುವುದು ಇಕ್ಕಟ್ಟಾದ ಕಣಿವೆಯ ತಳದಲ್ಲಿ. ಆದುದರಿಂದ ತೋಟ ಕಣಿವೆಯನ್ನು ಹುಡುಕಿತು, ಮನೆ ತೋಟವನ್ನು ಹಿಂಬಾಲಿಸಿತು. ಕೆಳಗೆ ತೋಟ, ಅದರ ಅಂಚಿನಲ್ಲಿ ತುಸು ಎತ್ತರಕ್ಕೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ. ಬೆಟ್ಟದ ಬುಡದಲ್ಲಿ ಒಸರುವ ಅಬ್ಬಿಯ ನೀರನ್ನು, ಅಡಿಕೆ ಮರವನ್ನು ಸೀಳಿ ತಿರುಳು ತೆಗೆದು ಮಾಡಿದ ದಂಬೆಗಳ ಮೂಲಕ ಬಚ್ಚಲಿನವರೆಗೆ ಹರಿಯಿಸಿಕೊಳ್ಳುತ್ತಿದ್ದರು. ಬಾವಿ ಸೇದುವ ಶ್ರಮ ತಪ್ಪಿತು. ಹಗಲೂ ರಾತ್ರಿಯೂ ನೀರು ಬೀಳುವ ಸಪ್ಪಳ ಮನೆಯ ಸಪ್ಪಳಗಳಲ್ಲಿ ಒಂದಾಯಿತು.

ಈ ಮನೆಯ ಮುಖ ಅದರ ಅಂಗಳ. ಸಂಸ್ಕೃತದ 'ಅಂಗಣ'ವೇ ನಮ್ಮಲ್ಲಿ 'ಅಂಗಳ'ವಾಯಿತೆಂದು ವ್ಯಾಕರಣದ ವಿದ್ಯಾರ್ಥಿಗಳು ಬಲ್ಲರು. ಆದರೆ ತೋಟಿಗನ ಅಂಗಳ ಮನೆಯ ಮುಂದಿನ ಬರಿಯ ಬಯಲಲ್ಲ. ಅದು ಅವನ ಕಾರ್ಯಾಗಾರ. ಮಳೆಗಾಲ ಕಳೆದೊಡನೆ ಅಂಗಳದ ಹುಲ್ಲನ್ನು ಕೆತ್ತಿ, ಮಣ್ಣನ್ನು ಬಡಿದು ಸಮ ಮಾಡಿ, ಸಗಣಿ ಸಾರಿಸುತ್ತಾರೆ. ಹಣ್ಣಾದ ಅಡಿಕೆ ಸಿಪ್ಪೆ ಸಮೇತ ಒಂದೂವರೆ ತಿಂಗಳಿನಷ್ಟು ಕಾಲ ಅಲ್ಲಿ ಬಿಸಿಲಿಗೆ ಒಣಗಬೇಕು. ಆಮೇಲೆ ಸುಲಿದರೆ ಅದು ಚಾಲಿ. ಇನ್ನೂ ಹಸುರಾಗಿರುವಾಗಲೇ ಕೊಯ್ದುದನ್ನು ಸುಲಿದು, ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಚೊಗರಿನ ಬಣ್ಣ ಕಟ್ಟಿಸಿ ಒಣಗಿಸಿದರೆ ಅದು ಕೆಂಪಡಿಕೆ. ಅದಕ್ಕೆಂದು ಅಂಗಳದಲ್ಲಿ ಅಡಿಕೆಯ ದಬ್ಬೆಗಳಿಂದ ಆಳೆತ್ತರದ ಅಟ್ಟ ಕಟ್ಟುತ್ತಾರೆ. ಮೇಲೆ ಅಡಿಕೆ ಒಣಗುತ್ತದೆ, ಕೆಳಗಿನ ನೆರಳಿನಲ್ಲಿ ಮಕ್ಕಳು ಆಡುತ್ತಾರೆ, ಬಂದ ನೆಂಟರು ಕಾಲು ತೊಳೆಯುತ್ತಾರೆ. ಮನೆಯೊಡೆಯನ ತೋಟ ಎಷ್ಟೆಂದು ಕೇಳುವ ಅಗತ್ಯವಿರಲಿಲ್ಲ. ಅಂಗಳದ ಅಗಲವನ್ನು ನೋಡಿದರೆ ಸಾಕಾಗಿತ್ತು.

ಅಂಗಳದಿಂದ ಮೆಟ್ಟಿಲೇರಿದರೆ ಜಗುಲಿ. ದೇವಾಲಯದ ಅಧಿಷ್ಠಾನಕ್ಕೆ ಶಿಲ್ಪಿಗಳು 'ಜಗತಿ' ಎನ್ನುತ್ತಾರೆ. ಜಗುಲಿ ಅದರ ತದ್ಭವವೆಂಬುದು ನಿಘಂಟುಕಾರರ ಮತ. ಮಾತಿನಂತೆಯೇ ವಸ್ತುವೂ ಎತ್ತರದ ಪೀಠವೇ. ಸಾಲು ಮುಂಡಿಗೆಗಳು, ಅವುಗಳ ತಲೆಯ ಮೇಲೆ ಕೆತ್ತನೆಯ ಬೋದಿಗೆಗಳು, ಬೋದಿಗೆಯ ಮೇಲೆ ತೊಲೆ. ಕಂಬಗಳ ನಡುವೆ ಕುಳಿತುಕೊಳ್ಳಲು ಮರದ ಹಲಗೆ. ಇದು ಯಜಮಾನನ ಕಚೇರಿ, ಅತಿಥಿಯ ಮಂಚ, ವ್ಯಾಪಾರಿಯ ಪೀಠ, ಬಾಲಕರ ಪಾಠಶಾಲೆ, ರಾತ್ರಿಯಲ್ಲಿ ತಾಳಮದ್ದಳೆಯ ರಂಗಸ್ಥಳ. ಅಡಿಕೆ ಸುಲಿಯುವ ಕಾಲದಲ್ಲಿ ನೆರೆಯವರೂ ಆಳುಗಳೂ ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೂ ಸುಲಿಯುವಾಗ, ನಿದ್ದೆ ಬಾರದಿರಲೆಂದು ಹೇಳಿದ ಕಥೆಗಳೆಷ್ಟೋ. ಈ ಸೀಮೆಯಲ್ಲಿ ಯಕ್ಷಗಾನ ಇಷ್ಟು ಆಳವಾಗಿ ಬೇರೂರಿದುದಕ್ಕೆ ಈ ಜಗುಲಿಯೂ ಒಂದು ಕಾರಣವೆನ್ನಬೇಕು. ಅರ್ಥಗಾರಿಕೆಗೆ ವೇಷ ಬೇಡ, ಚಪ್ಪರ ಬೇಡ. ಕುಳಿತುಕೊಳ್ಳಲು ಜಾಗವೂ ಕೇಳಲು ಜನವೂ ಇದ್ದರೆ ಆಯಿತು.

ಜಗುಲಿಯಿಂದ ಒಳಗೆ ಹೋಗುವ ಪ್ರಧಾನ ಬಾಗಿಲು ಗಿಡ್ಡ. ತಲೆ ತಗ್ಗಿಸದೆ ಒಳಗೆ ಹೋಗುವಂತಿಲ್ಲ. ಇದನ್ನು ವಿನಯದ ಪಾಠವೆಂದು ಹಿರಿಯರು ವಿವರಿಸುವರು. ಬಡಗಿಯನ್ನು ಕೇಳಿದರೆ, ಗೋಡೆ ಎತ್ತರವಾದಷ್ಟೂ ಮಳೆಯ ಇರಚಲು ಹೆಚ್ಚೆಂದು ಹೇಳುವನು. ಎರಡೂ ಸರಿಯೇ. ಒಳಗೆ ನಡುಮನೆ, ದೇವರ ಕೋಣೆ, ಉಗ್ರಾಣ, ಅಡಿಗೆಮನೆ. ಅದರ ಹಿಂದೆ ಬಚ್ಚಲು, ಹಿತ್ತಲ ಕಡೆಯ ಬಾಗಿಲು. ಒಳಗೆ ಹೋದಂತೆಲ್ಲ ಬೆಳಕು ಕಡಿಮೆಯಾಗುತ್ತದೆ, ತಂಪು ಹೆಚ್ಚುತ್ತದೆ. ಗೋಡೆಗೆ ಬಳಸಿದ್ದು ಕೆಮ್ಮಣ್ಣು ಅಥವಾ ಕಡಿದು ತೆಗೆದ ಜಂಬಿಟ್ಟಿಗೆ ಕಲ್ಲು. ಹಬ್ಬದ ಮುನ್ನ ಗೋಡೆಗೆ ಕೆಮ್ಮಣ್ಣು ಬಳಿದು ಬಿಳಿಯ ಶೇಡಿಮಣ್ಣಿನಿಂದ ಹೆಂಗಸರು ಚಿತ್ತಾರ ಬರೆಯುತ್ತಿದ್ದರು.

ಅಡಿಗೆಮನೆಯ ಮೇಲಿನ ಅಟ್ಟವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಇಂಗ್ಲೆಂಡಿನ ರೈತ ಹೊಗೆಯನ್ನು ಮನೆಯಿಂದ ಹೊರಗೆ ಕಳಿಸಲು ಹೊಗೆಗೂಡು ಕಟ್ಟಿದನಷ್ಟೆ. ನಮ್ಮ ತೋಟಿಗ ಕಟ್ಟಲಿಲ್ಲ. ಜ್ಯೇಷ್ಠದಿಂದ ಭಾದ್ರಪದದವರೆಗೆ ಬಿಡದೆ ಹೊಡೆಯುವ ಮಳೆ, ವರ್ಷಕ್ಕೆ ಸುಮಾರು ನೂರು ಇಂಚು. ಆ ತೇವದಲ್ಲಿ ಬೀಜ ಮುಗ್ಗುತ್ತದೆ, ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ಬಿದಿರಿಗೆ ಹುಳ ಬೀಳುತ್ತದೆ. ಇವೆಲ್ಲಕ್ಕೂ ಮದ್ದು ಒಲೆಯ ಹೊಗೆ. ಹೊಗೆ ಅಟ್ಟಕ್ಕೆ ಏರಿ, ಅಲ್ಲಿಟ್ಟ ಬೀಜವನ್ನೂ ಅಡಿಕೆಯನ್ನೂ ಕಾಯ್ದು, ಮಾಡಿನ ಗಳಗಳಿಗೆ ಕಪ್ಪು ಮೆರುಗು ಕೊಟ್ಟು, ಸೋಗೆಯ ಸಂದಿಯಿಂದ ನಿಧಾನವಾಗಿ ಹೊರಗೆ ಹೋಗುತ್ತಿತ್ತು. ಮನೆ ಬಾಳಲೆಂದು ಹೊಗೆಯನ್ನು ಒಳಗೆ ಇಟ್ಟುಕೊಂಡರು. ಅದರ ಬೆಲೆಯನ್ನು ಕೊಟ್ಟವರು ಆ ಹೊಗೆಯಲ್ಲಿ ಕುಳಿತು ಮೂವತ್ತು ಜನಕ್ಕೆ ಬೇಯಿಸಿದ ಹೆಣ್ಣುಮಕ್ಕಳು. ಮನೆಯ ಮರಕ್ಕೆ ಹಿತವಾದುದು ಅವರ ಕಣ್ಣಿಗೆ ಹಿತವಾಗಿರಲಿಲ್ಲ. ಹಳೆಯ ಮನೆಯನ್ನು ಹೊಗಳುವಾಗ ಈ ಮಾತನ್ನು ಮರೆಯತಕ್ಕದ್ದಲ್ಲ.

ಇನ್ನು ಕೊಟ್ಟಿಗೆ. ಪಟ್ಟಣದವರಿಗೆ ಕೊಟ್ಟಿಗೆಯೆಂದರೆ ಹಾಲಿನ ಮೂಲ. ತೋಟಿಗನಿಗೆ ಅದು ಗೊಬ್ಬರದ ಮೂಲ, ಹಾಲು ಆಮೇಲಿನದು. ಬೆಟ್ಟದ ಮರಗಳಿಂದ ಸೊಪ್ಪನ್ನು ಸವರಿ ತಂದು ದನದ ಕಾಲ ಕೆಳಗೆ ಹಾಸುತ್ತಾರೆ. ಅದು ಸಗಣಿ ಗಂಜಲಗಳೊಡನೆ ತುಳಿದು ಬೆರೆತು ಗೊಬ್ಬರದ ಗುಂಡಿಗೆ ಹೋಗುತ್ತದೆ. ಅಲ್ಲಿ ಕಳಿತು ತೋಟಕ್ಕೆ ಇಳಿಯುತ್ತದೆ. ಬೆಟ್ಟದ ಸಾರವನ್ನು ತೋಟಕ್ಕೆ ದಾಟಿಸುವ ಸೇತುವೆ ಈ ಕೊಟ್ಟಿಗೆ. ಆದುದರಿಂದಲೇ ಅದು ಮನೆಗೆ ತಾಗಿಕೊಂಡು, ಬೆಟ್ಟಕ್ಕೂ ತೋಟಕ್ಕೂ ನಡುವೆ ನಿಂತಿದೆ. ಇಂಗ್ಲೆಂಡಿನ ಉದ್ದನೆಯ ಮನೆಯಲ್ಲಿ ದನವನ್ನು ಚಳಿಯ ಭಯದಿಂದ ಒಳಗೆ ತಂದರು. ಇಲ್ಲಿ ದನವನ್ನು ಮನೆಗೆ ಹತ್ತಿರ ಇಟ್ಟುದು ಅಡಿಕೆಯ ಮರದ ಹಸಿವಿಗಾಗಿ. ದೀಪಾವಳಿಯನ್ನು ಈ ಸೀಮೆಯವರು 'ದೊಡ್ಡಹಬ್ಬ'ವೆಂದು ಕರೆದು ಅಂದು ಗೋಪೂಜೆಯನ್ನು ಅಷ್ಟು ಸಂಭ್ರಮದಿಂದ ಮಾಡುವುದರ ಅರ್ಥ ಕೊಟ್ಟಿಗೆಯನ್ನು ನೋಡಿದರೆ ತಿಳಿಯುತ್ತದೆ.

ಮನೆಯ ಕಾಲವನ್ನು ನಿರ್ಣಯಿಸಲು ನಮ್ಮಲ್ಲಿ ಹೊಗೆಗೂಡಿಲ್ಲವಾದರೂ ಮಾಡು ಉಂಟು. ಹಿಂದೆ ಹೆಚ್ಚಿನ ಮನೆಗಳಿಗೆ ಅಡಿಕೆಯ ಸೋಗೆಯದೋ ಹುಲ್ಲಿನದೋ ಹೊದಿಕೆ. ಪ್ರತಿ ವರ್ಷ ಮಳೆಗೆ ಮುಂಚೆ ಅದನ್ನು ತೆಗೆದು ಹೊಸದನ್ನು ಹೊದಿಸಬೇಕು. ಅನುಕೂಲಸ್ಥರು ಕುಂಬಾರ ಕೈಯಿಂದ ಮಾಡಿದ ನಾಡಹೆಂಚನ್ನು ಹಾಕುತ್ತಿದ್ದರು. ಹೀಗಿರುವಾಗ ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದರು. ಯಂತ್ರದಲ್ಲಿ ಒತ್ತಿದ, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಆ ಚಪ್ಪಟೆ ಹೆಂಚು ಕರಾವಳಿಯಿಂದ ಘಟ್ಟದ ದಾರಿಗಳಲ್ಲಿ ಗಾಡಿಯೇರಿ ಬಂದಿತು. ನೋಡಲು ಸಣ್ಣ ಬದಲಾವಣೆ; ಆದರೆ ಮನೆಯ ಎಲುಬೇ ಬದಲಾಯಿತು. ಸೋಗೆಗೆ ಬಿದಿರಿನ ಗಳ ಸಾಕಾಗಿತ್ತು. ಹೆಂಚಿಗೆ ಗರಗಸದಲ್ಲಿ ಕೊಯ್ದ ಪಕಾಸಿ, ರೀಪುಗಳು ಬೇಕಾದವು. ಬೆಂಕಿಯ ಭಯ ತಗ್ಗಿತು. ವರ್ಷವರ್ಷವೂ ಮಾಡು ಹೊದಿಸುವ ಆಳುಗಳ ಕೆಲಸ ತಪ್ಪಿತು. ಗೋಡೆಯನ್ನು ಎತ್ತರಿಸಿ ಮೇಲೆ ಮಾಳಿಗೆ ಹಾಕುವ ಧೈರ್ಯ ಬಂದಿತು. ಇಂದು ನಾವು 'ಬಹಳ ಹಳೆಯ ಮನೆ'ಯೆಂದು ತೋರಿಸುವ ಮಂಗಳೂರು ಹೆಂಚಿನ ಮಾಡು ಒಂದೂವರೆ ಶತಮಾನಕ್ಕಿಂತ ಹಳೆಯದಾಗಿರಲಾರದು. ಅದರ ಕೆಳಗಿನ ಮುಂಡಿಗೆಗಳು ಮಾತ್ರ ಇನ್ನೂ ಹಿಂದಿನವಾಗಿರಬಹುದು. ಒಂದು ಮನೆಯಲ್ಲಿ ಎರಡು ಮೂರು ಕಾಲಗಳು ಒಟ್ಟಿಗೆ ನಿಂತಿರುವುದು ಹೀಗೆ.

ಮರದ ವಿಷಯದಲ್ಲಿಯೂ ರಾಜ್ಯದ ಚರಿತ್ರೆ ಅಡಗಿದೆ. ಸುತ್ತಲೂ ತೇಗದ ಕಾಡಿದ್ದರೂ ಎಷ್ಟೋ ಮನೆಗಳ ಕಂಬ ಹಲಸಿನದು, ಬಾಗಿಲು ಹಲಸಿನದು, ತೊಲೆ ಮತ್ತಿಯದೋ ಹೊನ್ನೆಯದೋ. ತೇಗ, ಬೀಟೆ, ಗಂಧ ಈ ಮೂರರ ಮೇಲೆ ಸರ್ಕಾರದ ಹಕ್ಕು. ಹಲಸು ಹಿತ್ತಲಿನ ಮರ, ಮನೆಯವರದೇ. ಕಂಬವನ್ನು ಮುಟ್ಟಿ ನೋಡಿದರೆ ಆ ಕಾಲದಲ್ಲಿ ಕಾಡಿನ ಒಡೆಯನು ಯಾರೆಂಬುದು ತಿಳಿಯುತ್ತದೆ.

ಆ ಒಡೆತನ ಕೈಯಿಂದ ಕೈಗೆ ಹೋದ ಬಗೆಯನ್ನು ಸ್ವಲ್ಪ ಸ್ಮರಿಸೋಣ. ಶಾಸನಗಳು 'ಹೈವೆ ಐನೂರು' ಎಂದು ಕರೆಯುವ ಸೀಮೆಯ ಹೆಸರು ಹವ್ಯಕರ ಹೆಸರಿನೊಡನೆ ಸೇರಿಕೊಂಡಿದೆ. ಈ ನಾಡಿನ ಬಹುಭಾಗ ಸೋದೆಯ ನಾಯಕರ ಆಳ್ವಿಕೆಯಲ್ಲಿತ್ತು. ೧೭೬೦ರ ದಶಕದಲ್ಲಿ ಹೈದರಾಲಿ ಸೋದೆಯನ್ನು ಗೆದ್ದಾಗ ಅಲ್ಲಿಯ ಅರಸು ಗೋವೆಗೆ ಹೋಗಿ ಪೋರ್ತುಗೀಜರ ಆಶ್ರಯದಲ್ಲಿ ನೆಲಸಿದನು. ೧೭೯೯ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ನಾಡು ಕಂಪನಿ ಸರ್ಕಾರದ ವಶವಾಗಿ, ಥಾಮಸ್ ಮನ್ರೋ ಕಾನಡಾ ಜಿಲ್ಲೆಯ ಕಲೆಕ್ಟರನಾಗಿ ಬಂದನು. ಅದಾದ ಮೇಲೆ, ೧೮೦೧ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳನ್ನು ಹಾದು ಹೋದನು. ಅವನ ಪ್ರವಾಸದ ವೃತ್ತಾಂತ ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಲ್ಲಿಯ ಬ್ರಾಹ್ಮಣರು ತಮ್ಮ ಕೈಯಿಂದಲೇ ತೋಟದ ಕೆಲಸ ಮಾಡುವುದನ್ನು ಅವನು ವಿಶೇಷವಾಗಿ ಗಮನಿಸಿದ್ದಾನೆ. ಈ ಮನೆಗಳಲ್ಲಿ ದೇವರ ಕೋಣೆಯೂ ಗುದ್ದಲಿ ಕತ್ತಿಗಳನ್ನಿಡುವ ಮೂಲೆಯೂ ಒಂದೇ ಮಾಡಿನ ಕೆಳಗೆ ಇರುವುದೇಕೆಂಬುದಕ್ಕೆ ಅದು ಉತ್ತರ. ೧೮೬೨ರಲ್ಲಿ ಉತ್ತರ ಕಾನಡಾ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ೧೮೭೮ರ ಅರಣ್ಯ ಕಾಯಿದೆಯ ಮೇಲೆ ಕಾಡುಗಳಿಗೆ ಗಡಿಕಲ್ಲು ಬಿದ್ದವು. ತೋಟಿಗರ ಒತ್ತಾಯದಿಂದಲೂ ಅಡಿಕೆಯ ಆದಾಯದ ಮೇಲಿನ ಆಸೆಯಿಂದಲೂ ಸರ್ಕಾರ ಸೊಪ್ಪಿನ ಬೆಟ್ಟದ ಸವಲತ್ತನ್ನು ಉಳಿಸಿಕೊಟ್ಟಿತು: ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ. ಸೊಪ್ಪು ಸವರಬಹುದು, ಮರ ಸರ್ಕಾರದ್ದು. ಈ ಮನೆಯ ಬೆನ್ನಿಗಿರುವ ಹಸುರು ಹೀಗೆ ಅರ್ಧ ಮನೆಯದು, ಅರ್ಧ ದೊರೆಯದು.

ಮನೆಯ ರಚನೆ ಸಮಾಜದ ರಚನೆಯನ್ನೂ ಬರೆದಿಟ್ಟಿದೆ. ಯಾರು ಜಗುಲಿಯ ಮೇಲೆ ಕುಳಿತುಕೊಳ್ಳಬಹುದು, ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರಿಗೆ ಊಟ ಹಿತ್ತಲ ಕಡೆಯಲ್ಲಿ, ಯಾರ ನೆರಳು ಬಾವಿಗೆ ಬೀಳಬಾರದು, ಎಲ್ಲವನ್ನೂ ಮೆಟ್ಟಿಲುಗಳೇ ಹೇಳುತ್ತಿದ್ದವು. ಮರವೇರಿ ಕೊನೆ ಇಳಿಸುವ ಕೊನೆಗೌಡನಿಲ್ಲದೆ ತೋಟವಿಲ್ಲ. ಗೊಬ್ಬರ ಹೊತ್ತ ಹೆಂಗಸರಿಲ್ಲದೆ ಫಸಲಿಲ್ಲ. ಆದರೂ ಅವರಿಗೆ ಸಂದ ಸ್ಥಳ ಅಂಗಳದ ಅಂಚು. ತೋಟದ ಮನೆಯ ಚರಿತ್ರೆಯನ್ನು ಹೇಳುವವನು ಅದರ ಸುತ್ತಲಿನ ಸಣ್ಣ ಮನೆಗಳನ್ನು ಬಿಟ್ಟರೆ ಅರ್ಧವನ್ನೇ ಹೇಳಿದಂತೆ. ಸಿದ್ದಾಪುರದ ಕಡೆಯ ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆದ ಹಸೆ ಚಿತ್ತಾರ ಯಾವ ಕೆತ್ತನೆಯ ಬೋದಿಗೆಗೂ ಕಡಿಮೆಯದಲ್ಲ. ಯಲ್ಲಾಪುರದ ಕಾಡಿನೊಳಗೆ ಸಿದ್ದಿಯರ ಮಣ್ಣಿನ ಮನೆಗಳುಂಟು. ಅವರ ಪೂರ್ವಜರು ಆಫ್ರಿಕದಿಂದ ಬಂದವರು. ಪೀಳಿಗೆಗಳಿಂದ ಈ ತೋಟಗಳಲ್ಲಿ ದುಡಿದವರು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ದೊಡ್ಡ ಮನೆಯ ಕಂಬ ಎತ್ತಿದ ಕೈಗಳು ಈ ಸಣ್ಣ ಮನೆಗಳಿಂದ ಬಂದವು.

ಕನ್ನಡದಲ್ಲಿ 'ಮನೆ' ಎಂಬ ಮಾತಿನಿಂದ 'ಮನೆತನ' ಹುಟ್ಟಿತು. ಈ ಸೀಮೆಯಲ್ಲಿ ಮನೆಯ ಹೆಸರೇ ಮನುಷ್ಯನ ಗುರುತು. ಮೇಲಿನಮನೆ, ಕೆಳಗಿನಮನೆ, ಹೊಸಮನೆ, ಆಚೆಮನೆ, ಮಾಳಿಗೆಮನೆ ಎಂಬ ಹೆಸರುಗಳನ್ನು ಸಾಲಾಗಿ ಬರೆದರೆ ಹಿಸೆಗಳ ಚರಿತ್ರೆ ಕಣ್ಣಿಗೆ ಕಟ್ಟುತ್ತದೆ. ಮೊದಲು ಒಂದೇ ಮನೆ. ಅಣ್ಣತಮ್ಮಂದಿರು ಬೇರೆಯಾದಾಗ ಒಬ್ಬನು ಆಚೆಗೆ ಕಟ್ಟಿಕೊಂಡನು, ಅದು ಆಚೆಮನೆ. ಕಟ್ಟಿಕೊಳ್ಳಲು ಅನುಕೂಲವಿಲ್ಲದಾಗ ಜಗುಲಿಯ ನಡುವೆಯೇ ಗೋಡೆ ಎದ್ದಿತು, ಒಂದು ಒಲೆ ಎರಡಾಯಿತು, ಪ್ರಧಾನ ಬಾಗಿಲಿನ ಪಕ್ಕದಲ್ಲಿ ಇನ್ನೊಂದು ಬಾಗಿಲು ಬಂದಿತು. ಕೆತ್ತನೆಯ ಕಂಬವೊಂದು ಅರ್ಧ ಗೋಡೆಯೊಳಗೆ ಹುದುಗಿ ಅರ್ಧ ಹೊರಗೆ ಕಾಣುವ ಮನೆಗಳಿವೆ. ಯಾವ ನ್ಯಾಯಾಲಯದ ಕಡತವೂ ಆ ಕಂಬದಷ್ಟು ಸ್ಪಷ್ಟವಾಗಿ ಹಿಸೆಯ ನೋವನ್ನು ಹೇಳಲಾರದು. ಕೆಲವು ಹೆಸರುಗಳು ಊರನ್ನೂ ಜಿಲ್ಲೆಯನ್ನೂ ದಾಟಿ ಹೋದವು. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ ೧೯೨೬ರಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆಯವರು ೧೯೮೩ರಿಂದ ೧೯೮೮ರವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಈ ಮನೆ ಎರಡು ದೊಡ್ಡ ಅನುಭವಗಳನ್ನು ಕಂಡಿತು. ಮೊದಲನೆಯದು ವ್ಯಾಪಾರದ್ದು. ಹಿಂದೆ ಅಡಿಕೆ ಮನೆಯ ಅಟ್ಟದಲ್ಲಿಯೇ ಧಾರಣೆಗಾಗಿ ಕಾಯುತ್ತಿತ್ತು. ವ್ಯಾಪಾರಿ ಜಗುಲಿಗೆ ಬಂದು ಕುಳಿತು ಹೇಳಿದ ಬೆಲೆಯೇ ಬೆಲೆ. ಮುಂಗಡ ಸಾಲ ಪಡೆದವನಿಗಂತೂ ಚೌಕಾಸಿಯ ಮಾತೇ ಇಲ್ಲ. ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಸ್ಥಾಪಿತವಾದ ಮೇಲೆ ಅಡಿಕೆ ಗಾಡಿಯೇರಿ ಪೇಟೆಗೆ ಹೋಯಿತು, ತೂಕವೂ ಬೆಲೆಯೂ ಎಲ್ಲರ ಕಣ್ಣೆದುರಿಗೆ ಆಯಿತು. ಜಗುಲಿಯಲ್ಲಿ ವ್ಯಾಪಾರಿಯ ಪೀಠ ಬರಿದಾಯಿತು. ತೋಟಿಗ ತಾನೇ ಎದ್ದು ಪೇಟೆಗೆ ಹೋಗುವುದನ್ನು ಕಲಿತನು.

ಎರಡನೆಯದು ಸ್ವಾತಂತ್ರ್ಯದ ಹೋರಾಟ. ೧೯೩೧-೩೨ರ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆಗಳ ರೈತರು ಭೂಕಂದಾಯ ಕೊಡುವುದಿಲ್ಲವೆಂದು ನಿಂತರು. ಸರ್ಕಾರ ಮನೆ, ತೋಟ, ದನಕರು, ಪಾತ್ರೆಪರಡಿಗಳನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ಅಡಿಕೆ ಬೇಯಿಸುವ ಹಂಡೆ ಹೋದರೆ ತೋಟಿಗನ ಒಂದು ವರ್ಷದ ಜೀವನವೇ ಹೋದಂತೆ. ಪೀಳಿಗೆಗಳಿಂದ ದೀಪ ಆರದ ಮನೆಗಳನ್ನು ಬಿಟ್ಟು ಹಸುಗೂಸುಗಳೊಡನೆ ಹೊರಗೆ ಬಂದವರಿದ್ದರು. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಬಾಗಿಲಲ್ಲಿ ಹೆಣ್ಣುಮಕ್ಕಳು ಉಪವಾಸ ಕುಳಿತರು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿ ಆ ಮಹಿಳಾ ಸತ್ಯಾಗ್ರಹದಿಂದಲೇ ಹೆಸರಾಗಿದೆ; ಅಲ್ಲಿ ಅವರ ಸ್ಮಾರಕವಿದೆ. ಹೊಗೆಯ ಅಡಿಗೆಮನೆಯಿಂದ ಜಗುಲಿಗೂ ಬಾರದಿದ್ದವರು ಪರರ ಅಂಗಳಕ್ಕೆ ಬಂದು, ಯಾರನ್ನೂ ಬೈಯದೆ, ಅನ್ನ ಬಿಟ್ಟು ಕುಳಿತರೆಂಬುದು ಈ ಮನೆಗಳ ಚರಿತ್ರೆಯಲ್ಲಿ ಬಂಗಾರದ ಅಕ್ಷರಗಳಲ್ಲಿ ಬರೆಯತಕ್ಕ ಮಾತು. ೧೯೩೭ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಆಸ್ತಿಯನ್ನು ಮರಳಿಸುವ ಕೆಲಸ ನಡೆಯಿತು.

ಸ್ವತಂತ್ರ ಭಾರತದಲ್ಲಿ, ೧೯೫೬ರ ನವೆಂಬರ್ ೧ರಂದು, ಜಿಲ್ಲೆ ಮುಂಬಯಿಯನ್ನು ಬಿಟ್ಟು ಕನ್ನಡ ನಾಡನ್ನು ಸೇರಿತು. ೧೯೭೪ರ ಭೂಸುಧಾರಣೆ ಉಳುವವನಿಗೆ ಭೂಮಿಯ ಒಡೆತನ ಕೊಟ್ಟಾಗ, ಗದ್ದೆಯ ಗೇಣಿ ಬರುತ್ತಿದ್ದ ಮನೆಗಳ ಕಣಜ ಬರಿದಾಯಿತು. ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದ ಎಷ್ಟೋ ಜನ ತಮ್ಮದೇ ಅಂಗಳ ಕಂಡರು. ಒಂದು ಕಡೆಯ ನಷ್ಟ ಇನ್ನೊಂದು ಕಡೆಯ ನ್ಯಾಯ. ಚರಿತ್ರೆಯ ಲೆಕ್ಕ ಹೀಗೆಯೇ. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಜನ ಕಡಿಯಲು ಗುರುತು ಮಾಡಿದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ 'ಅಪ್ಪಿಕೋ' ಚಳವಳಿ. ಕಾಡು ಹೋದರೆ ಅಬ್ಬಿ ಬತ್ತುತ್ತದೆ, ಸೊಪ್ಪು ಹೋಗುತ್ತದೆ, ತೋಟ ಒಣಗುತ್ತದೆ, ಮನೆ ನಿಲ್ಲುವುದಿಲ್ಲ. ಇದನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯ ಹಿತ್ತಲ ಬಾಗಿಲಿನಿಂದ ನೋಡಿದರೆ ಕಾಣುತ್ತಿತ್ತು.

ಈಗ ಈ ಮನೆಗಳ ಸ್ಥಿತಿಯೇನು? ಮೂವತ್ತು ಜನರಿದ್ದ ಮನೆಯಲ್ಲಿ ಇಂದು ಇಬ್ಬರು ವೃದ್ಧರು. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಅಮೆರಿಕೆಯಲ್ಲಿ. ಅವರು ಹೋದುದು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಅಡಿಕೆ ಮಾರಿದ ಹಣದಲ್ಲಿಯೇ ಅವರನ್ನು ಓದಿಸಿದೆವು. ಹುಡುಗಿಯರು ಹೊಗೆಯ ಅಡಿಗೆಮನೆಗೆ ಮರಳಲೊಲ್ಲೆವೆಂದರೆ ಅದೂ ನ್ಯಾಯವೇ. ಆದರೆ ಮನೆಗೆ ಮನುಷ್ಯನ ಉಸಿರು ಬೇಕು. ಒಲೆ ಆರಿದ ಮನೆಯ ಮಾಡಿಗೆ ಹೊಗೆಯ ಕಾವಲಿಲ್ಲ, ಗೆದ್ದಲು ಏರುತ್ತದೆ. ಎರಡು ಮಳೆಗಾಲ ಹೆಂಚು ಕೈಯಾಡಿಸದಿದ್ದರೆ ನೀರು ಮಣ್ಣಿನ ಗೋಡೆಗೆ ಇಳಿಯುತ್ತದೆ, ಮೂರನೆಯ ಮಳೆಗಾಲಕ್ಕೆ ಗೋಡೆ ಕುಳಿತುಕೊಳ್ಳುತ್ತದೆ. ಅಷ್ಟರಲ್ಲಿ ಹಳೆಯ ಮರದ ವ್ಯಾಪಾರಿ ಬಂದು ಮುಂಡಿಗೆ, ಬಾಗಿಲುಗಳಿಗೆ ಬೆಲೆ ಕಟ್ಟುತ್ತಾನೆ. ಆ ಕಂಬ ಯಾವುದೋ ನಗರದ ಹೋಟೆಲಿನ ಮೊಗಸಾಲೆಯಲ್ಲಿ ಹೆಸರಿಲ್ಲದೆ ನಿಲ್ಲುತ್ತದೆ.

ಹಳೆಯ ಮನೆಗಳನ್ನು ಬಿಚ್ಚಿ, ತಂದು, ಮರಳಿ ಕಟ್ಟಿ ಉಳಿಸುವ ಮಹತ್ಕಾರ್ಯವನ್ನು ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮಾಡಿ ತೋರಿಸಿದರು. ಅದು ಎಲ್ಲರಿಂದ ಆಗತಕ್ಕ ಕೆಲಸವಲ್ಲ. ಎಲ್ಲ ಮನೆಗಳನ್ನೂ ಉಳಿಸುವುದು ಯಾರಿಂದಲೂ ಆಗದು; ಉಳಿಸಬೇಕೆಂದೂ ಇಲ್ಲ. ಹೊಸ ಕಾಲದವರು ಹೊಸ ಮನೆ ಕಟ್ಟಿಕೊಳ್ಳುವುದು ಸಹಜ. ಸೋಗೆಯನ್ನು ಕಿತ್ತು ಹೆಂಚು ಹಾಕಿದ ನಮ್ಮ ಹಿರಿಯರೂ ಅದನ್ನೇ ಮಾಡಿದರು. ಆದರೆ ಓದದೆ ಪುಸ್ತಕವನ್ನು ಸುಡಬಾರದು. ಮನೆಯನ್ನು ಬಿಚ್ಚುವ ಮುನ್ನ ಅದನ್ನು ಒಮ್ಮೆ ಓದಿಡುವುದು ಪ್ರತಿಯೊಬ್ಬನಿಂದಲೂ ಆಗುವ ಕೆಲಸ.

ಅದಕ್ಕೆ ಬೇಕಾದುದು ಒಂದು ಅಳತೆಯ ಟೇಪು, ಒಂದು ನೋಟುಬುಕ್ಕು, ಎರಡು ದಿನದ ತಾಳ್ಮೆ. ಪಟ್ಟಣದಲ್ಲಿ ನೆಲಸಿರುವ ಓದುಗರಲ್ಲಿ ಮೂಲಮನೆ ಇನ್ನೂ ನಿಂತಿರುವವರು, ಮುಂದಿನ ದೊಡ್ಡಹಬ್ಬಕ್ಕೆ ಹೋದಾಗ ಮಕ್ಕಳನ್ನು ಕರೆದುಕೊಂಡು ಮನೆಯ ನಕ್ಷ ಬರೆಯಲಿ. ಜಗುಲಿ ಎಷ್ಟು ಮೊಳ, ಕಂಬ ಎಷ್ಟು, ಯಾವ ಮರದ್ದು, ಯಾವ ಗೋಡೆ ಆಮೇಲೆ ಬಂದುದು ಎಂಬುದನ್ನು ಗುರುತಿಸಲಿ. ಹೆಂಚನ್ನು ತೆಗೆದು ತಿರುವಿದರೆ ಕಾರ್ಖಾನೆಯ ಹೆಸರಿನ ಅಚ್ಚು ಸಿಗುವುದುಂಟು, ಅದನ್ನು ಬರೆದುಕೊಳ್ಳಲಿ. ಅಟ್ಟದ ಮೇಲಿನ ಹಳೆಯ ಲೆಕ್ಕದ ಪುಸ್ತಕಗಳನ್ನು ಒಲೆಗೆ ಹಾಕುವ ಮೊದಲು ತೆರೆದು ನೋಡಲಿ. ಮುಖ್ಯವಾಗಿ, ಮನೆಯ ಹಿರಿಯ ಹೆಂಗಸರನ್ನು ಕೇಳಲಿ: ಯಾವ ಕೋಣೆಗೆ ಏನೆಂದು ಕರೆಯುತ್ತಿದ್ದರು, ಯಾರು ಎಲ್ಲಿ ಮಲಗುತ್ತಿದ್ದರು, ಬಾಣಂತನ ಎಲ್ಲಿ, ಹಸಿದು ಬಂದವನಿಗೆ ಎಲೆ ಹಾಕಿದ್ದು ಎಲ್ಲಿ ಎಂದು. ಅಂಗಳದಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಕೇಳಲಿ. ಮನೆ ಅವರಿಗೆ ಬೇರೆಯದೇ ಆಗಿ ಕಂಡಿರುತ್ತದೆ.

ಪ್ರೌಢಶಾಲೆಗಳ ಚರಿತ್ರೆಯ ಅಧ್ಯಾಪಕರೂ ಇದನ್ನು ಮಾಡಿಸಬಹುದು. ಒಂದು ತರಗತಿಯ ನಲವತ್ತು ಮಕ್ಕಳು ನಲವತ್ತು ಮನೆಗಳನ್ನು ಅಳೆದು ತಂದರೆ, ಒಂದು ಹೋಬಳಿಯ ಇನ್ನೂರು ವರ್ಷಗಳ ಚರಿತ್ರೆ ಆ ನೋಟುಬುಕ್ಕುಗಳಲ್ಲಿ ಇರುತ್ತದೆ. ಅದರಲ್ಲಿ ತೋಟದ ದೊಡ್ಡ ಮನೆಯೂ ಇರಲಿ, ದೀವರ ಚಿತ್ತಾರದ ಮನೆಯೂ ಇರಲಿ, ಸಿದ್ದಿಯರ ಮಣ್ಣಿನ ಮನೆಯೂ ಇರಲಿ. ಬನವಾಸಿಯ ಅರಸರಿಗೆ ಶಾಸನ ಬರೆಯುವವರಿದ್ದರು. ಈ ಮನೆಗಳಿಗೆ ಬರೆಯುವವರು ನಾವೇ ಆಗಬೇಕು. ಮುಂದಿನ ಮಳೆಗಾಲ ಯಾರಿಗಾಗಿಯೂ ಕಾಯುವುದಿಲ್ಲ.